ಸಮರಕಲೆ: ಬಿಡುವಿನ ನಾಲ್ಕು ನಿಮಿಷಕ್ಕೆ ಯಾವ ಅಭ್ಯಾಸ?

ಮಾನ್ಯ ಸಂಪಾದಕರೇ,

ಕರಾಟೆ, ಜೂಡೊ, ಟೇಕ್ವಾಂಡೊ ಮುಂತಾದ ಸಮರಕಲೆಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಪದಕ, ಬೆಲ್ಟ್, ಪ್ರದರ್ಶನಗಳ ಸುದ್ದಿ. ಆದರೆ ಇವನ್ನು ಕಲಿಯುವವರಲ್ಲಿ ಬಹಳಷ್ಟು ಮಂದಿ ವಾರಕ್ಕೆ ಎರಡು ಕ್ಲಾಸಿಗೆ ಹೋಗಿಬಂದು, ಉಳಿದ ಐದು ದಿನ ಕೆಲಸ, ಮನೆ, ಓಡಾಟ ಅಂತ ಕಳೆಯುವವರು. ಆ ಐದು ದಿನ ಅವರು ಏನು ಮಾಡಬೇಕು? ‘ದಿನಾ ಪ್ರಾಕ್ಟೀಸ್ ಮಾಡಿ’ ಎಂದಷ್ಟೇ ಹೇಳಿ ಹೆಚ್ಚಿನ ಶಿಕ್ಷಕರು ಸುಮ್ಮನಾಗುತ್ತಾರೆ. ಯಾವುದನ್ನು, ಎಷ್ಟು, ಎಲ್ಲಿ ನಿಂತು ಎಂದು ಬಿಡಿಸಿ ಹೇಳುವವರು ಕಮ್ಮಿ. ಕಲಿಯುವವರು ಒಂದು ತಾಸು ಬಿಡುವು ಸಿಗಲಿ ಎಂದು ಕಾಯುತ್ತಾರೆ. ಅದು ಸಿಗುವುದಿಲ್ಲ. ಮುಂದಿನ ಕ್ಲಾಸಿನಲ್ಲಿ ಹಳೆಯ ತಪ್ಪೇ ಮತ್ತೆ ತಲೆ ಹಾಕುತ್ತದೆ.

ನಿಜವಾಗಿ ಸಿಗುವುದು ನಾಲ್ಕೈದು ನಿಮಿಷದ ಚೂರುಗಳು. ಹಲ್ಲುಜ್ಜುವಾಗ, ನೀರು ಕಾಯುವಾಗ, ಲಿಫ್ಟು ಬರುವ ತನಕ, ಫೋನಿನಲ್ಲಿ ಆ ಕಡೆಯವರ ಮಾತು ಕೇಳುತ್ತಾ ನಿಂತಾಗ. ಈ ಚೂರಿನೊಳಗೆ ಇಡೀ ಕ್ಲಾಸನ್ನೇ ತುರುಕಲು ಹೋಗುತ್ತೇವಲ್ಲ, ಕೆಡುವುದೇ ಅಲ್ಲಿ. ಎರಡು ಸಲ ಕೈಕಾಲು ಜಾಡಿಸಿ, ಇಪ್ಪತ್ತು ಪಂಚ್, ಇಪ್ಪತ್ತು ಕಿಕ್, ಅವಸರದಲ್ಲಿ ಒಂದು ಕಟಾ, ಅಂದರೆ ಚಲನೆಗಳನ್ನು ಕ್ರಮವಾಗಿ ಜೋಡಿಸಿದ ವರಸೆ. ಬೆವರೂ ಬರುತ್ತದೆ, ಸಮಾಧಾನವೂ ಆಗುತ್ತದೆ, ತಿದ್ದಿಕೊಂಡದ್ದು ಮಾತ್ರ ಏನೂ ಇರುವುದಿಲ್ಲ. ಬಿಡುವಿನ ಚೂರು ಇರುವುದು ಒಂದೇ ಒಂದು ತಪ್ಪನ್ನು ತಿದ್ದುವುದಕ್ಕೆ. ‘ಮೊಣಕೈ ಹೊರಗೆ ಹೋಗ್ತಿದೆ’, ‘ಹಿಂದಿನ ಹಿಮ್ಮಡಿ ಏಳ್ತಿದೆ’ ಎಂದು ಕ್ಲಾಸಿನಲ್ಲಿ ಶಿಕ್ಷಕರು ಹೇಳಿದ್ದರಲ್ಲಿ ಒಂದನ್ನು ಹಿಡಿದುಕೊಂಡು, ವಾರವಿಡೀ ಅದನ್ನೇ ನಿಧಾನವಾಗಿ ಮಾಡಬೇಕು. ವೇಗ, ಬಲ, ಎದುರಾಳಿ ಈ ಮೂರೂ ಕ್ಲಾಸಿಗಿರಲಿ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ನಾಲ್ಕು ನಿಮಿಷದಂತೆ ಮೂರು ಸಲ ಅಂದರೆ 12 ನಿಮಿಷ, ವಾರದಲ್ಲಿ ಆರು ದಿನಕ್ಕೆ 72 ನಿಮಿಷ. ಒಂದು ಕ್ಲಾಸಿನಷ್ಟಾಯಿತು. ಕ್ಲಾಸಿನ ಸಮಯದಲ್ಲಿ ವಾರ್ಮ್‌ಅಪ್, ಸಾಲು, ಸರದಿ ಎಲ್ಲ ಕಳೆದು ನಮ್ಮದೇ ತಪ್ಪಿಗೆ ಉಳಿಯುವುದು ಕೆಲವೇ ನಿಮಿಷ, ಇಲ್ಲಿ ಅಷ್ಟೂ ಅದಕ್ಕೇ. ಜೊತೆಗೆ, ಹಂಚಿ ಮಾಡಿದ ಅಭ್ಯಾಸ ಒಟ್ಟಿಗೆ ಮಾಡಿದ್ದಕ್ಕಿಂತ ಚೆನ್ನಾಗಿ ಕೈಗೆ ಹತ್ತುತ್ತದೆ ಎಂಬುದು ಹಳೆಯ ಸಂಗತಿ. ಬ್ರಿಟನ್ನಿನ ಅಂಚೆ ನೌಕರರು ಕೀಬೋರ್ಡ್ ಕಲಿಯುವುದನ್ನು ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದ್ದರು. ದಿನಕ್ಕೆ ಒಂದೇ ತಾಸು ಕಲಿತವರಿಗೆ ಒಟ್ಟು ಬೇಕಾದ ತಾಸುಗಳು ಎಲ್ಲರಿಗಿಂತ ಕಡಿಮೆ, ದಿನಕ್ಕೆ ಎರಡೆರಡು ತಾಸಿನಂತೆ ಎರಡು ಸಲ ಕೂತವರಿಗೆ ಎಲ್ಲರಿಗಿಂತ ಹೆಚ್ಚು. ತಮಾಷೆಯೆಂದರೆ, ತಮ್ಮ ತರಬೇತಿಯ ಬಗ್ಗೆ ಹೆಚ್ಚು ಗೊಣಗಿದವರು ಆ ಒಂದು ತಾಸಿನವರೇ. ಕಲಿತು ಮುಗಿಸಲು ಅವರಿಗೆ ದಿನಗಳು ಹೆಚ್ಚು ಹಿಡಿದವು, ಅದಕ್ಕೇ! ಚೂರು ಅಭ್ಯಾಸ ಮಾಡುವವರಿಗೂ ‘ಇದರಿಂದ ಏನೂ ಆಗ್ತಿಲ್ಲ’ ಎಂದು ಅನ್ನಿಸುವುದು ಸಹಜ. ಆ ಅನ್ನಿಸಿಕೆಯನ್ನು ನಂಬಿ ಬಿಟ್ಟುಬಿಡಬಾರದು.

ಈಗ ಕೆಲಸಕ್ಕೆ ಬರುತ್ತೇನೆ. ಹಲ್ಲುಜ್ಜಲು ಎರಡು ನಿಮಿಷ ಬೇಕು. ಅದು ಕಿಬಾ-ದಾಚಿಗೆ, ಅಂದರೆ ಕುದುರೆ ಸವಾರಿಯ ನಿಲುವಿಗೆ ಹೇಳಿ ಮಾಡಿಸಿದ ಹೊತ್ತು. ಕಾಲುಗಳ ನಡುವೆ ಸುಮಾರು ಎರಡು ಭುಜದ ಅಗಲ, ಎರಡೂ ಪಾದ ನೇರ ಮುಂದಕ್ಕೆ, ಮೊಣಕಾಲು ಪಾದದ ಬೆರಳುಗಳ ನೇರಕ್ಕೆ, ಬೆನ್ನು ನೆಟ್ಟಗೆ. ತೊಡೆ ನೆಲಕ್ಕೆ ಸಮಾನಾಂತರ ಆಗಲೇಬೇಕೆಂಬ ಹಟ ಬೇಡ. ಹೊಸಬರು ಮೂವತ್ತು ಸೆಕೆಂಡು ಕೂತು, ಹತ್ತು ಸೆಕೆಂಡು ಎದ್ದು, ಮತ್ತೆ ಕೂರಲಿ. ದಣಿವು ಬರುತ್ತಿದ್ದಂತೆ ಮೂರು ತಪ್ಪುಗಳು ಒಂದರ ಹಿಂದೆ ಒಂದು ಬರುತ್ತವೆ: ಪಾದದ ತುದಿ ಹೊರಗೆ ತಿರುಗುತ್ತದೆ, ಮೊಣಕಾಲು ಒಳಗೆ ಬೀಳುತ್ತದೆ, ಪೃಷ್ಠ ಹಿಂದಕ್ಕೆ ಹೋಗಿ ಎದೆ ಮುಂದಕ್ಕೆ ಬಾಗುತ್ತದೆ. ಎದುರಿಗೆ ಕನ್ನಡಿ ಇರುವುದರಿಂದ ಬಾಗಿದ್ದು ಕೂಡಲೇ ಕಾಣುತ್ತದೆ. ಮೊಣಕಾಲು ಒಳಬಿದ್ದ ಕ್ಷಣವೇ ಎದ್ದುಬಿಡಿ. ಆ ಭಂಗಿಯಲ್ಲಿ ಕೂತಷ್ಟೂ ಕೀಲಿಗೆ ಪೆಟ್ಟೇ ಹೊರತು ತೊಡೆಗೆ ಬಲ ಬರುವುದಿಲ್ಲ. ತೊಡೆ ಉರಿಯಬಹುದು, ನಡುಗಲೂಬಹುದು. ಮೊಣಕಾಲ ಚಿಪ್ಪಿನ ಕೆಳಗೆ ಚುಚ್ಚಿದರೆ ಮಾತ್ರ ನಿಲ್ಲಿಸಬೇಕು.

ಪಂಚಿಗೆ ಗೋಡೆಗಿಂತ ಒಳ್ಳೆಯ ಶಿಕ್ಷಕ ಇಲ್ಲ. ಗುದ್ದುವುದಕ್ಕಲ್ಲ, ಪಕ್ಕದಲ್ಲಿ ಇಟ್ಟುಕೊಳ್ಳುವುದಕ್ಕೆ. ಬಲಗಡೆ ಗೋಡೆ ಬರುವಂತೆ, ಮೊಣಕೈಗೂ ಗೋಡೆಗೂ ಎರಡು ಬೆರಳು ಅಂತರ ಇರುವಂತೆ ನಿಲ್ಲಿ. ಮುಷ್ಟಿ ಸೊಂಟದಲ್ಲಿ, ಅಂಗೈ ಮೇಲ್ಮುಖ. ಈಗ ಐದು ಎಣಿಸುತ್ತಾ ಮುಷ್ಟಿಯನ್ನು ಮುಂದಕ್ಕೆ ತಳ್ಳಿ. ಮೊಣಕೈ ಪಕ್ಕೆಲುಬನ್ನು ದಾಟುವ ತನಕ ಮುಷ್ಟಿ ತಿರುಗಕೂಡದು, ಕೊನೆಯ ಕಾಲು ಭಾಗದಲ್ಲಷ್ಟೇ ತಿರುಗಬೇಕು. ಬೇಗ ತಿರುಗಿಸಿದರೆ ಮೊಣಕೈ ತಾನಾಗಿ ಹೊರಗೆ ಹೋಗಿ ಗೋಡೆಗೆ ತಾಗುತ್ತದೆ, ಜೊತೆಗೆ ಭುಜವೂ ಎದ್ದುಕೊಳ್ಳುತ್ತದೆ. ಮುಷ್ಟಿ ಗುರಿ ಮುಟ್ಟುವಾಗ ಅದರ ಹಿಂದೆ ಮೈಭಾರ ಇರುವುದಿಲ್ಲ, ಬರೀ ತೋಳು ಇರುತ್ತದೆ. ಹತ್ತು ಸಲ ತಾಗದಂತೆ ಮಾಡಿ, ತಿರುಗಿ ನಿಂತು ಎಡಗೈಯಲ್ಲಿ ಹತ್ತು ಸಲ. ಎರಡು ನಿಮಿಷಕ್ಕೆ ಮುಗಿಯುತ್ತದೆ. ಗುದ್ದುವ ಕೈಯನ್ನೇ ನೋಡುತ್ತಾ ಹಿಂದಕ್ಕೆಳೆಯುವ ಕೈಯನ್ನು ಮರೆಯುವವರೇ ಹೆಚ್ಚು. ಎರಡೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲಬೇಕು.

ಮೇಜಿನ ಮುಂದೆ ಕೂತು ಕೆಲಸ ಮಾಡುವವರು ಮುಷ್ಟಿಯನ್ನು ಅಲ್ಲೇ ತಿದ್ದಿಕೊಳ್ಳಬಹುದು. ನಾಲ್ಕು ಬೆರಳುಗಳನ್ನು ತುದಿಯಿಂದ ಸುತ್ತಿ ಮಡಚಿ, ಹೆಬ್ಬೆರಳನ್ನು ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡ ಒತ್ತಿ. ಆ ಎರಡು ಬೆರಳುಗಳ ಗೆಣ್ಣನ್ನು ಮೇಜಿನ ಮೇಲೆ ಮೆಲ್ಲಗೆ ಊರಿ ಸ್ವಲ್ಪ ಭಾರ ಬಿಡಿ. ಮಣಿಕಟ್ಟು ಯಾವ ಕಡೆಗಾದರೂ ಮುರಿದುಕೊಂಡರೆ, ಬ್ಯಾಗಿನ ಮೇಲೆ ಗುದ್ದಿದಾಗಲೂ ಅದು ಅದೇ ಕಡೆಗೆ ತಿರುಚಿಕೊಳ್ಳುತ್ತದೆ. ಭಾರ ಕಿರುಬೆರಳ ಗೆಣ್ಣಿನ ಕಡೆ ಜಾರುತ್ತಿದ್ದರೆ ಅದನ್ನಂತೂ ತಿದ್ದಲೇಬೇಕು. ಗಟ್ಟಿ ವಸ್ತುವಿಗೆ ಗುದ್ದಿ ಕೈ ಮುರಿದುಕೊಳ್ಳುವವರಲ್ಲಿ ಹೆಚ್ಚಾಗಿ ಮುರಿಯುವುದು ಕಿರುಬೆರಳು, ಉಂಗುರಬೆರಳಿನ ಬುಡದ ಅಂಗೈ ಮೂಳೆಗಳೇ. ಸಿಟ್ಟು ಬಂದಾಗ ಗೋಡೆಗೆ ಗುದ್ದುವುದನ್ನು ಯಾರೂ ಅಭ್ಯಾಸದ ಲೆಕ್ಕಕ್ಕೆ ಸೇರಿಸದಿರಲಿ.

ಅದೇ ಮೇಜಿನ ಕೆಳಗೆ ಇನ್ನೊಂದು ಕೆಲಸವಿದೆ. ಮಾಯೆ-ಗೇರಿ, ಅಂದರೆ ನೇರ ಮುಂದಕ್ಕೆ ಹೊಡೆಯುವ ಕಿಕ್ಕಿನಲ್ಲಿ ತಾಗಬೇಕಾದ್ದು ಬೆರಳುಗಳ ಬುಡದಲ್ಲಿರುವ ಅಂಗಾಲಿನ ಉಬ್ಬು. ಅದಕ್ಕೆ ಪಾದ ಮುಂದಕ್ಕೆ ಚಾಚಿರಬೇಕು, ಬೆರಳುಗಳು ಮಾತ್ರ ಹಿಂದಕ್ಕೆ ಬಾಗಿರಬೇಕು. ಹೊಸಬರಿಗೆ ಈ ಎರಡೂ ಒಟ್ಟಿಗೆ ಬರುವುದಿಲ್ಲ. ಪಾದ ಚಾಚಿದರೆ ಬೆರಳೂ ಚಾಚಿಕೊಳ್ಳುತ್ತವೆ, ಬೆರಳು ಎಳೆದರೆ ಪಾದವೂ ಹಿಂದಕ್ಕೆ ಬರುತ್ತದೆ. ಹಾಗೇ ಪ್ಯಾಡಿಗೆ ಒದ್ದರೆ ಬೆರಳೇ ಮೊದಲು ತಾಗಿ ಉಳುಕುತ್ತದೆ. ಚಪ್ಪಲಿ ಕಳಚಿ, ಹಿಮ್ಮಡಿ ಎತ್ತಿ, ಬೆರಳುಗಳ ಬುಡವನ್ನು ನೆಲಕ್ಕೆ ಒತ್ತಿ ಹಿಡಿಯಿರಿ: ಆಗ ಪಾದ ತಾನಾಗಿ ಬೇಕಾದ ಆಕಾರಕ್ಕೆ ಬರುತ್ತದೆ. ಆಕಾರ ಕೆಡದಂತೆ ಪಾದವನ್ನು ನೆಲದಿಂದ ಮೇಲೆತ್ತಿ ಮೂರು ಎಣಿಸಿ ಇಳಿಸಿ. ಒಂದೊಂದು ಕಾಲಿಗೆ ಇಪ್ಪತ್ತು. ಮೊದಲ ದಿನಗಳಲ್ಲಿ ಅಂಗಾಲು ಹಿಡಿದುಕೊಳ್ಳಬಹುದು, ಆಗ ಬಿಟ್ಟು ತಿಕ್ಕಿಕೊಂಡರೆ ಸಾಕು.

ಕಿಕ್ಕನ್ನು ಬಿಡುವಿನ ಹೊತ್ತಿನಲ್ಲಿ ವೇಗವಾಗಿ ಹೊಡೆಯಬೇಡಿ. ಮೈ ಕಾದಿರುವುದಿಲ್ಲ, ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡರೆ ವಾರಗಟ್ಟಲೆ ಕ್ಲಾಸೂ ಇಲ್ಲ. ಕುರ್ಚಿಯ ಬೆನ್ನನ್ನು ಎರಡು ಬೆರಳಿನಲ್ಲಿ ಹಿಡಿದು ನಿಧಾನವಾಗಿ ಮಾಡಿ. ಎರಡು ಎಣಿಸುತ್ತಾ ಮೊಣಕಾಲು ಸೊಂಟದ ಮಟ್ಟಕ್ಕೆ, ಮೂರು ಎಣಿಸುತ್ತಾ ಕಾಲು ಚಾಚು, ಎರಡು ಎಣಿಸುವ ತನಕ ಅಲ್ಲೇ ನಿಲ್ಲು, ಮೂರಕ್ಕೆ ಮಡಚು, ಎರಡಕ್ಕೆ ಇಳಿಸು. ಹನ್ನೆರಡು ಸೆಕೆಂಡಿಗೆ ಒಂದು ಕಿಕ್, ಐದಕ್ಕೆ ಒಂದು ನಿಮಿಷ. ಎರಡು ಕಾಲಿಗೆ ಎರಡು ನಿಮಿಷ. ವೇಗದಲ್ಲಿ ಮುಚ್ಚಿಹೋಗುವ ತಪ್ಪುಗಳೆಲ್ಲ ಇಲ್ಲಿ ಬಯಲಾಗುತ್ತವೆ. ನಿಂತ ಕಾಲಿನ ಹಿಮ್ಮಡಿ ಏಳುತ್ತದೆ, ಭುಜ ಹಿಂದಕ್ಕೆ ವಾಲುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕನೆಯ ಹಂತದ ಮಡಚುವಿಕೆಯೇ ಮಾಯವಾಗಿ ಚಾಚಿದ ಕಾಲು ಹಾಗೇ ನೆಲಕ್ಕೆ ಬೀಳುತ್ತದೆ. ಮಡಚದ ಕಾಲನ್ನು ಎದುರಾಳಿ ಹಿಡಿಯುತ್ತಾನೆ. ಹಿಡಿಯದಿದ್ದರೂ ಮೈ ಕಾಲಿನ ಹಿಂದೆಯೇ ಮುಂದಕ್ಕೆ ಬಿದ್ದು ಅವನ ಕೈಗೆ ಸಿಗುತ್ತದೆ. ಎತ್ತರದ ಆಸೆ ಬೇಡ, ಮೊಣಕಾಲ ಎತ್ತರಕ್ಕೆ ಒದ್ದರೂ ಈ ಐದು ಹಂತ ಸರಿಯಿದ್ದರೆ ಸಾಕು. ಚಾಚಿ ಹಿಡಿಯುವಾಗ ಉಸಿರು ಕಟ್ಟುವ ಚಟ ಬಹಳ ಜನಕ್ಕಿದೆ. ರಕ್ತದೊತ್ತಡ ಇರುವವರು ಇದನ್ನು ಕಟ್ಟುನಿಟ್ಟಾಗಿ ಬಿಡಬೇಕು, ಏಕೆಂದರೆ ಸ್ನಾಯು ಬಿಗಿಹಿಡಿದು ಉಸಿರನ್ನೂ ಹಿಡಿದರೆ ಒತ್ತಡ ಒಮ್ಮೆಲೇ ಏರುತ್ತದೆ.

ಸುತ್ತು ಒದೆತ, ಅಂದರೆ ರೌಂಡ್ ಕಿಕ್ ಮನೆಯೊಳಗೆ ಹೆಚ್ಚು ತೊಂದರೆ ಕೊಡುತ್ತದೆ. ಅದರಲ್ಲಿ ನಿಂತ ಕಾಲಿನ ಪಾದ ತಿರುಗಲೇಬೇಕು. ರಬ್ಬರ್ ತಳದ ಬೂಟು ಹಾಕಿ ಅಥವಾ ಕಾರ್ಪೆಟ್ ಮೇಲೆ ನಿಂತು ಒದ್ದರೆ ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಸೊಂಟ ತಿರುಗುತ್ತದೆ, ಆ ತಿರುಚುವಿಕೆಯನ್ನೆಲ್ಲ ನಡುವಿನ ಮೊಣಕಾಲು ತಿನ್ನುತ್ತದೆ. ಸಾಕ್ಸ್ ಹಾಕಿ ನುಣುಪು ನೆಲದಲ್ಲಿ ಒದ್ದರೆ ಜಾರುತ್ತದೆ. ಬರಿಗಾಲು, ಒಣ ನೆಲ, ಒದೆಯದೆ ಬರೀ ಪಾದ ತಿರುಗಿಸಿ ಮೊಣಕಾಲು ಎತ್ತುವುದು: ಬಿಡುವಿನ ಹೊತ್ತಿಗೆ ಇಷ್ಟು ಸಾಕು.

ಕಟಾಗೆ ಜಾಗ ಇಲ್ಲ ಎನ್ನುವವರು ಕಟಾವನ್ನು ಇಡಿಯಾಗಿ ಯೋಚಿಸುತ್ತಾರೆ. ಶೋಟೋಕಾನ್ ಶೈಲಿಯಲ್ಲಿ ಮೊದಲು ಕಲಿಸುವ ಹೇಯಾನ್ ಶೋದಾನ್‌ನಲ್ಲಿ 21 ಎಣಿಕೆ, ಒಂಬತ್ತರಲ್ಲೂ ಹದಿನೇಳರಲ್ಲೂ ಕಿಯಾಯ್, ಅಂದರೆ ಗಟ್ಟಿ ಕೂಗು. ಕಲಿಯುವವರು ತಡವರಿಸುವುದು ಬಹುತೇಕ ಎರಡೇ ಕಡೆ, ಆ ಎರಡು ಕಿಯಾಯ್‌ಗಳ ಬೆನ್ನಿಗೆ ಬರುವ ಮುಕ್ಕಾಲು ಸುತ್ತಿನ ತಿರುವುಗಳಲ್ಲಿ. 9ರಿಂದ 10ಕ್ಕೆ ಹೋಗುವಾಗಿನದು ಒಂದು, 17ರಿಂದ 18ಕ್ಕೆ ಇನ್ನೊಂದು. ತಿರುಗಿದ ಮೇಲೆ ಮೊದಲನೆಯದರಲ್ಲಿ ಬರುವುದು ಉದ್ದ ನಿಲುವಿನ ಕೆಳ ಬ್ಲಾಕ್ (ತಡೆ), ಎರಡನೆಯದರಲ್ಲಿ ಹೆಚ್ಚಿನ ಭಾರ ಹಿಂಗಾಲಿಗೆ ಹೋಗುವ ಕೊಕುತ್ಸು-ದಾಚಿ ನಿಲುವಿನ ಚಾಕುಕೈ (ಅಂಗೈ ಅಂಚಿನ) ಬ್ಲಾಕ್. ಕಾಲನ್ನು ಸಾಕಷ್ಟು ಅಡ್ಡ ಹಾಕದೆ ತಿರುಗಿದರೆ ಎರಡು ಪಾದಗಳೂ ಒಂದೇ ಗೆರೆಯ ಮೇಲೆ ಬೀಳುತ್ತವೆ. ಕೊಕುತ್ಸುವಿನಲ್ಲಿ ಹಿಮ್ಮಡಿಗಳು ಒಂದೇ ಗೆರೆಗೆ ಬರುವುದು ಸರಿ. ಆದರೆ ಉದ್ದ ನಿಲುವಿನಲ್ಲಿ ಪಾದಗಳ ನಡುವೆ ಸೊಂಟದಷ್ಟು ಅಗಲ ಬೇಕು. ಇಲ್ಲದಿದ್ದರೆ ಪಕ್ಕದಿಂದ ಯಾರಾದರೂ ಒಂದು ಬೆರಳಿನಿಂದ ತಳ್ಳಿದರೂ ಓಲಾಡುತ್ತೀರಿ. ಈ ಎರಡು ತಿರುವಿಗೆ ಎರಡು ಮೀಟರ್ ಜಾಗ ಸಾಕು. ತಿರುಗಿ, ನಿಂತು, ಕೆಳಗೆ ನೋಡಿ ಪಾದ ಪರೀಕ್ಷಿಸಿ, ಮತ್ತೆ ಮೊದಲಿಗೆ ಬನ್ನಿ. ಟೈಲ್ಸ್ ನೆಲವಿದ್ದರೆ ಗೆರೆಗಳೇ ಅಳತೆಪಟ್ಟಿ. ಮೂರು ಹೆಜ್ಜೆ ಮುಂದಕ್ಕೆ ಹೋಗುವ ಕಡೆ, ಮುಂದಕ್ಕೆ ಇಡುವ ಬದಲು ಮುಂಗಾಲನ್ನು ಹಿಂದಕ್ಕೆಳೆದು ನಿಂತಲ್ಲೇ ನಿಲುವು ಬದಲಿಸಿದರೆ ಜಾಗ ಉಳಿಯುತ್ತದೆ. ಇದು ತಾತ್ಕಾಲಿಕ ಉಪಾಯ ಮಾತ್ರ. ಇದನ್ನೇ ರೂಢಿ ಮಾಡಿಕೊಂಡರೆ ಹಿಂಗಾಲಿನಿಂದ ತಳ್ಳಿ ಮುಂದೆ ಸಾಗುವ ಗುಣವೇ ಹೋಗುತ್ತದೆ.

ಉಳಿದ ಕಲೆಗಳ ಬಗ್ಗೆ ಚುಟುಕಾಗಿ. ವಿಂಗ್ ಚುನ್ ಕಲಿಯುವವರು ಅದೃಷ್ಟವಂತರು, ಅವರ ಮೊದಲ ವರಸೆಯಾದ ಸಿಯು ನಿಮ್ ತಾವೊದಲ್ಲಿ ಹೆಜ್ಜೆಯೇ ಇಲ್ಲ, ನಿಂತಷ್ಟು ಜಾಗ ಸಾಕು. ತಾಯ್ ಚಿಯವರಿಗೆ 1956ರಲ್ಲಿ ಚೀನಾದಲ್ಲಿ ರೂಪಿಸಿದ 24 ಭಂಗಿಗಳ ವರಸೆ ಇದೆ, ಐದಾರು ನಿಮಿಷದ್ದು. ಅದಕ್ಕೂ ಹೊತ್ತಿಲ್ಲದಿದ್ದರೆ ಮೆಟ್ಟಿಲು ಹತ್ತುವಾಗ ಪಾದವನ್ನು ಭಾರ ಹಾಕದೆ ಪೂರ್ತಿ ಊರಿ, ಆಮೇಲೆ ಭಾರ ವರ್ಗಾಯಿಸಿ, ಆಮೇಲೆ ಹಿಂಗಾಲು ಎತ್ತಲಿ. ಕೈ ಕಂಬಿಯ ಹತ್ತಿರವಿರಲಿ. ಬಾಕ್ಸಿಂಗಿನವರಿಗೆ ಮೂರು ನಿಮಿಷ ಅಂದರೆ ಸರಿಯಾಗಿ ಒಂದು ರೌಂಡ್. ಅದರಲ್ಲಿ ಪಾದಚಲನೆ ಒಂದನ್ನೇ ಮಾಡಲಿ. ಯಾವ ಕಡೆಗೆ ಹೋಗಬೇಕೋ ಆ ಕಡೆಯ ಕಾಲು ಮೊದಲು, ಇನ್ನೊಂದು ಅಷ್ಟೇ ದೂರ ಹಿಂಬಾಲಿಸಬೇಕು, ಕಾಲುಗಳು ಎಂದೂ ಅಡ್ಡ ದಾಟಬಾರದು. ಜೂಡೊದವರು ಮಲಗುವ ಮುಂಚೆ ಹಾಸಿಗೆಯ ಮೇಲೆ ಉಕೆಮಿಯ, ಅಂದರೆ ಪೆಟ್ಟಾಗದಂತೆ ಬೀಳುವುದರ ಮೊದಲ ಪಾಠವನ್ನು ಮಾಡಬಹುದು. ಅಂಗಾತ ಮಲಗಿ, ಗದ್ದ ಎದೆಗೆ ತಂದು ಬೆಲ್ಟಿನ ಗಂಟು ಇರುವಲ್ಲಿ ನೋಡುತ್ತಾ, ಎರಡೂ ತೋಳನ್ನು ಮೈಯಿಂದ ಮೂವತ್ತು ನಲವತ್ತು ಡಿಗ್ರಿಯಲ್ಲಿ ಅಂಗೈ ಕೆಳಗಾಗಿ ಬಡಿಯುವುದು. ತೋಳು ಭುಜದ ನೇರಕ್ಕೆ ಹರಡಿದರೆ ನಿಜವಾದ ಬೀಳುವಿಕೆಯಲ್ಲಿ ಭುಜಕ್ಕೆ ಏಟು. ನಿಂತು ಬೀಳುವುದನ್ನು ಮ್ಯಾಟ್ ಇಲ್ಲದೆ ಮಾಡಲೇಬೇಡಿ. ಕೋಲು, ಕತ್ತಿಯವರಿಗೆ ಒಂದೇ ಮಾತು: ಮೇಲೆ ಫ್ಯಾನ್ ಇದೆ.

ಜನರ ನಡುವೆ ನಿಂತಾಗ ಕೈಕಾಲು ಆಡಿಸುವುದು ಸಭ್ಯತೆಯಲ್ಲ, ಪಕ್ಕದವರು ಬೆದರುತ್ತಾರೆ. ಕಾಣದಂತೆ ಮಾಡುವ ಕೆಲಸವೂ ಇದೆ. ಎರಡೂ ಕಾಲಿನ ಮೇಲೆ ಸಮ ನಿಂತು, ಭುಜ ಅಲುಗದಂತೆ ಭಾರವನ್ನು ನಿಧಾನವಾಗಿ ಒಂದು ಕಾಲಿಗೆ ತಂದು ಇನ್ನೊಂದನ್ನು ನೆಲಕ್ಕೆ ತಾಗಿಯೂ ತಾಗದಂತೆ ಹಗುರ ಮಾಡುವುದು ಒಂದು. ಕೂತಲ್ಲಿ ಮನಸ್ಸಿನೊಳಗೆ ಕಟಾ ಮಾಡುವುದು ಇನ್ನೊಂದು. ಮೈಯಿಂದ ಮಾಡಿದಷ್ಟು ಫಲ ಇದರಲ್ಲಿಲ್ಲ, ಆದರೆ ಏನೂ ಮಾಡದೆ ಕೂತದ್ದಕ್ಕಿಂತ ಖಂಡಿತ ಹೆಚ್ಚು. ಗಡಿಯಾರ ನೋಡಿ ಮಾಡಿ. ಮೈಯಿಂದ ಮಾಡಿದಾಗ ನಲವತ್ತೈದು ಸೆಕೆಂಡು ಹಿಡಿದದ್ದು ಮನಸ್ಸಿನಲ್ಲಿ ಇಪ್ಪತ್ತಕ್ಕೇ ಮುಗಿದರೆ ನಡುವೆ ಏನನ್ನೋ ಹಾರಿಸಿದ್ದೀರಿ. ಚಿತ್ರ ಮಸುಕಾದ ಜಾಗವೇ ನಿಮಗೆ ಬಾರದ ಜಾಗ, ಸಂಜೆ ಅದನ್ನು ಮೈಯಿಂದ ಮಾಡಿ.

ಹೊತ್ತಿನ ವಿಷಯದಲ್ಲಿ ಎರಡು ಎಚ್ಚರಿಕೆ. ಎದ್ದ ಕೂಡಲೇ ಆಳವಾಗಿ ಮುಂದಕ್ಕೆ ಬಾಗಬೇಡಿ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಮೊದಲ ಒಂದು ತಾಸು ಬಾಗಿದಾಗ ಅವುಗಳ ಮೇಲಿನ ಒತ್ತಡ ಹೆಚ್ಚು. ಊಟವಾದ ಮೇಲೆ ನಿಲುವು, ಮುಷ್ಟಿ, ಉಸಿರಾಟ ನಡೆಯುತ್ತದೆ, ನೆಗೆತ ಒದೆತಕ್ಕೆ ಎರಡು ತಾಸು ಬಿಡಿ. ಇನ್ನು ಖಾಲಿ ಗಾಳಿಗೆ ಪೂರ್ಣ ವೇಗದಲ್ಲಿ ಪಂಚ್ ಎಸೆದು ಮೊಣಕೈಯನ್ನು ‘ಟಕ್’ ಎಂದು ಲಾಕ್ ಮಾಡುವವರನ್ನು ಎಲ್ಲ ಕಡೆ ಕಾಣುತ್ತೇವೆ. ತಡೆಯಲು ಪ್ಯಾಡ್ ಇಲ್ಲದಾಗ ಆ ಏಟು ಕೀಲಿಗೇ ಬೀಳುತ್ತದೆ. ಕೊನೆಯಲ್ಲಿ ಮೊಣಕೈ ಒಂದಿಷ್ಟು ಮಡಚಿಯೇ ಇರಲಿ.

‘ಬಿಡುವಾದಾಗ ಮಾಡ್ತೀನಿ’ ಅಂದುಕೊಂಡರೆ ನಡೆಯುವುದಿಲ್ಲ, ದಿನಾ ತಪ್ಪದೆ ಮಾಡುವ ಕೆಲಸವೊಂದಕ್ಕೆ ಗಂಟು ಹಾಕಬೇಕು. ಹಲ್ಲುಜ್ಜಲು ಬ್ರಷ್ ಕೈಗೆತ್ತಿಕೊಂಡರೆ ಕಿಬಾ-ದಾಚಿ, ನೀರು ಕಾಯಲು ಇಟ್ಟರೆ ಗೋಡೆ ಪಕ್ಕದ ಪಂಚ್, ಹೀಗೆ. ಆಧುನಿಕ ಕರಾಟೆಯನ್ನು ಒಕಿನಾವಾದಿಂದ ಜಪಾನಿನ ಮುಖ್ಯಭೂಮಿಗೆ ತಂದವರಲ್ಲಿ ಪ್ರಮುಖರಾದ ಗಿಚಿನ್ ಫುನಾಕೋಶಿ (1868–1957) ಶಿಷ್ಯರಿಗಾಗಿ ಇಪ್ಪತ್ತು ಸೂತ್ರಗಳನ್ನು ಬಿಟ್ಟುಹೋಗಿದ್ದಾರೆ. ಕರಾಟೆ ಬಿಸಿನೀರಿದ್ದ ಹಾಗೆ, ಕಾವು ಕೊಡುತ್ತಿರದಿದ್ದರೆ ತಣ್ಣಗಾಗುತ್ತದೆ ಎಂಬ ಅರ್ಥದ ಮಾತು ಅವುಗಳಲ್ಲೊಂದು. ಸಣ್ಣ ಉರಿಯಾದರೂ ಆದೀತು, ಆರಬಾರದು.

ಈ ರೀತಿಯಲ್ಲಿ ಬಾರದ್ದೂ ಇದೆ. ಎದುರಾಳಿಯ ಅಂತರ ಅಳೆಯುವುದು, ಅವನು ಹೊರಟ ಕ್ಷಣವನ್ನು ಹಿಡಿಯುವುದು, ಏಟು ತಿಂದಾಗ ಕಣ್ಣು ಮುಚ್ಚದಿರುವುದು, ಜೂಡೊದಲ್ಲಿ ನಿಜವಾದ ಮೈಭಾರವನ್ನು ಎತ್ತಿ ಎಸೆಯುವುದು, ಇವು ಇನ್ನೊಬ್ಬರ ಮೈ ಇಲ್ಲದೆ ಬರುವುದಿಲ್ಲ. ಮನೆಯಲ್ಲಿ ಚೂರು ಚೂರು ಮಾಡುತ್ತೇನೆಂದು ಕ್ಲಾಸು ಬಿಟ್ಟವರ ನಿಲುವು ಚೆಂದವಾಗಿರುತ್ತದೆ, ಕುಮಿಟೆಯಲ್ಲಿ, ಅಂದರೆ ಎದುರಾಳಿಯೊಡನೆ ಕಾದಾಡುವಾಗ ಮಾತ್ರ ಎದುರಿಗೆ ಬಂದವನು ಯಾವಾಗಲೂ ಅರ್ಧ ಹೆಜ್ಜೆ ಮುಂದಿರುತ್ತಾನೆ.

ಕೊನೆಗೆ, ತಪ್ಪನ್ನೇ ಗಟ್ಟಿಮಾಡಿಕೊಳ್ಳುವ ಅಪಾಯ. ನೋಡುವವರಿಲ್ಲದೆ ಮಾಡುವ ಅಭ್ಯಾಸದಲ್ಲಿ ಇದು ಇದ್ದೇ ಇರುತ್ತದೆ. ವಾರಕ್ಕೊಮ್ಮೆ ಮೊಬೈಲನ್ನು ಸೊಂಟದ ಎತ್ತರದಲ್ಲಿ, ಮೂರು ಮೀಟರ್ ದೂರದಲ್ಲಿಟ್ಟು ಒಮ್ಮೆ ಪಕ್ಕದಿಂದ, ಒಮ್ಮೆ ಎದುರಿನಿಂದ ವಿಡಿಯೊ ಮಾಡಿ. ಪಕ್ಕದಿಂದ ನಿಲುವಿನ ಉದ್ದ, ಬೆನ್ನು, ಹಿಮ್ಮಡಿ ಕಾಣುತ್ತವೆ. ಎದುರಿನಿಂದ ಮೊಣಕಾಲು, ಮೊಣಕೈ, ಭುಜ. ಮೇಲಿನಿಂದ ಹಿಡಿದ ವಿಡಿಯೊದಲ್ಲಿ ಎಲ್ಲರ ನಿಲುವೂ ತಗ್ಗಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಆ ವಿಡಿಯೊವನ್ನು ಮುಂದಿನ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋಗಿ ಶಿಕ್ಷಕರಿಗೆ ತೋರಿಸಿ, ‘ಹೇಗಿದೆ?’ ಎಂದು ಕೇಳದೆ ‘ಮೊಣಕೈ ಈಗ ಒಳಗೆ ಬಂತಾ?’ ಎಂದು ಕೇಳಿ. ಬಂದಿದ್ದರೆ ಮುಂದಿನ ವಾರಕ್ಕೆ ಇನ್ನೊಂದು ತಪ್ಪನ್ನು ಅವರೇ ಕೊಡುತ್ತಾರೆ.

ಇತಿ,
ಸಮರಕಲೆ ಶಿಕ್ಷಕರೊಬ್ಬರು